ನಾನೇ ಹೊಲಿದು ಮುಚ್ಚಿದ ಬೆಲ್ಟು

ರಾಜಾಜಿನಗರದ ಆ ಅಂಗಡಿಯಲ್ಲಿ ಮಕ್ಕಳ ಕಾರ್ ಸೀಟುಗಳನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದರು. ಒಂದಕ್ಕೆ ಕರಡಿಯ ಕಿವಿ, ಇನ್ನೊಂದಕ್ಕೆ ಹೂವಿನ ಬಟ್ಟೆ. ಕೆಲಸದ ಹುಡುಗಿ ನಗುತ್ತಾ ಹತ್ತಿರ ಬಂದಳು.

"ಪಾಪುಗೆ ಎಷ್ಟು ತಿಂಗಳು ಆಂಟಿ?"

"ಇಪ್ಪತ್ತೆರಡು ವರ್ಷ," ಎಂದೆ.

ಅವಳು ಜೋರಾಗಿ ನಕ್ಕಳು. ನಾನು ನಗಲಿಲ್ಲ ಎಂಬುದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನನ್ನ ತಮ್ಮ ಕಣಮ್ಮ. ಅವನಿಗೆ ನೆಟ್ಟಗೆ ಕೂರಕ್ಕಾಗಲ್ಲ. ಕಾರಲ್ಲಿ ಕೂರಿಸಿದ್ರೆ ಕೆಳಗೆ ಜಾರ್ತಾನೆ. ಅವನನ್ನ ಹಿಡಿದು ಕೂರಿಸೋ ಥರದ್ದು ಏನಾದ್ರೂ ಇದ್ಯಾ?"

"ಅಯ್ಯೋ ಆಂಟಿ, ಇದೆಲ್ಲಾ ಚಿಕ್ಕೋರಿಗೆ. ಹತ್ತು ಹನ್ನೆರಡು ವರ್ಷ ಆದ್ಮೇಲೆ ಯಾರಿಗೂ ಬೇಕಾಗಲ್ಲ."

ಯಾರಿಗೂ ಬೇಕಾಗಲ್ಲವಂತೆ. ಅವಳ ತಪ್ಪೇನಿಲ್ಲ, ಯಾರೋ ಹಾಗೆ ಹೇಳಿಕೊಟ್ಟಿದ್ದರು. ಆದರೂ ನನಗೆ ಮೈ ಉರಿಯಿತು. ಹನ್ನೆರಡು ತುಂಬಿದ ದಿನ ನನ್ನ ತಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಗಿಬಿಡಬೇಕಿತ್ತೇ? ಅಂಥ ಮಕ್ಕಳು ಬೆಳೆಯುವುದೇ ಇಲ್ಲ ಎಂದು ಈ ಸೀಟು ಮಾಡುವವರು ತೀರ್ಮಾನ ಮಾಡಿಕೊಂಡಿದ್ದಾರೆಯೇ? ಅಥವಾ ಬೆಳೆದ ಮೇಲೆ ಅವರು ಮನೆಯ ಹೊರಗೆ ಕಾಲಿಡುವುದಿಲ್ಲ ಎಂದೇ?

ನನ್ನ ತಮ್ಮ ಹುಟ್ಟಿದಾಗ ಬಹಳ ಹೊತ್ತು ಅಳಲಿಲ್ಲ. ಮಿದುಳಿಗೆ ಉಸಿರು ಸಾಲಲಿಲ್ಲ ಎಂದು ಡಾಕ್ಟರು ಹೇಳಿದರು. ಅವನ ಕೈಕಾಲು ಅವನ ಮಾತು ಕೇಳುವುದಿಲ್ಲ. ಗಾಬರಿಯಾದರೆ, ಜೋರಾಗಿ ಹಾರ್ನ್ ಕೇಳಿಸಿದರೆ, ಇಡೀ ಮೈ ಹಲಗೆಯ ಹಾಗೆ ಬಿಗಿದುಕೊಂಡು ಸೊಂಟ ಮುಂದಕ್ಕೆ ಜಾರಿಬಿಡುತ್ತದೆ. ಬುದ್ಧಿ ಚುರುಕಾಗಿದೆ. ಮಾತು ಹತ್ತೋ ಹನ್ನೆರಡೋ ಬರುತ್ತವೆ, ಉಳಿದದ್ದನ್ನೆಲ್ಲ ಕಣ್ಣಿನಲ್ಲಿ ಹೇಳುತ್ತಾನೆ. ಅವನು ಹುಟ್ಟಿದ ವರ್ಷ ನಾನು ಏಳನೇ ಕ್ಲಾಸು ಮುಗಿಸಿದ್ದೆ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅಮ್ಮ ಊದುಬತ್ತಿ ಕಾರ್ಖಾನೆಗೆ ಹೋಗಲೇಬೇಕಿತ್ತು, ಮಗುವನ್ನು ಯಾರಾದರೂ ಎತ್ತಿಕೊಂಡಿರಬೇಕಿತ್ತು. ಎಂಟನೇ ಕ್ಲಾಸಿನ ಬಾಗಿಲನ್ನು ನಾನು ನೋಡಲಿಲ್ಲ. ಅದಕ್ಕೆ ಅವನ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿದೆ, ಹೋಗಿದೆ.

ಅಮ್ಮನಿಗೆ ಮಂಡಿ ನೋವು ಹೆಚ್ಚಾಗಿ ಅವಳು ಮನೆಯಲ್ಲಿ ಉಳಿದ ಮೇಲೆ ನಾನು ಕೆಲಸಕ್ಕೆ ಸೇರಿದೆ. ಮಾಗಡಿ ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಅಂಗಡಿ. ಮುಂದೆ ಗಾಜು, ಲೈಟು. ಹಿಂದೆ ನಾವು ಮೂರು ಹೆಂಗಸರು, ಮೂರು ದಪ್ಪ ಮಷಿನ್ನು. ರೆಕ್ಸಿನ್ ಹೊಲಿದು ಹೊಲಿದು ನನ್ನ ಬೆರಳ ತುದಿ ಚಪ್ಪಲಿಯ ಅಟ್ಟೆಯಂತಾಗಿದೆ. ಕೆಲಸದಲ್ಲಿ ಮಾತ್ರ ನನ್ನನ್ನು ಯಾರೂ ಒಂದು ಮಾತು ಅನ್ನುವ ಹಾಗಿರಲಿಲ್ಲ. ನಾನು ಹೊಲಿದ ಕವರು ಸೀಟಿನ ಮೇಲೆ ಚರ್ಮದ ಹಾಗೆ ಕೂರುತ್ತಿತ್ತು.

ತಮ್ಮ ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕೆಂಗೇರಿಯ ಒಂದು ಸೆಂಟರಿಗೆ ಹೋಗುತ್ತಾನೆ. ಅಲ್ಲಿ ಅವನನ್ನು ಚೌಕಟ್ಟಿಗೆ ಒರಗಿಸಿ ನಿಲ್ಲಿಸುತ್ತಾರೆ, ಕೈಕಾಲು ಬಿಡಿಸುತ್ತಾರೆ. ಅದಾದ ಮೇಲೆ ಅವನು ಕೇರಂ ಆಡುತ್ತಾನೆ. ಸ್ಟ್ರೈಕರನ್ನು ಮಣಿಕಟ್ಟಿನಿಂದ ತಳ್ಳುತ್ತಾನೆ, ಗೆದ್ದರೆ ಕೂಗುತ್ತಾನೆ, ಸೋತರೆ ಮಾತೇ ಇಲ್ಲ. ಅವನ ವಾರದಲ್ಲಿ ಇರುವುದು ಆ ಎರಡೇ ದಿನ. ಉಳಿದ ಐದು ದಿನ ನಮ್ಮ ಮನೆಯ ಕಿಟಕಿ, ಅದರಾಚೆ ಎದುರು ಮನೆಯ ನೀರಿನ ಪೈಪು.

ಚಿಕ್ಕವನಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆವು. ಆಮೇಲೆ ಆಟೋ. ಈಗ ಅವನು ನನಗಿಂತ ಒಂದು ಗೇಣು ಉದ್ದ, ನನಗಿಂತ ಭಾರ. ಮೆಟ್ರೋ ಇದೆಯಲ್ಲ ಎಂದು ಎಲ್ಲರೂ ಹೇಳುತ್ತಾರೆ. ವಿಜಯನಗರದ ನಮ್ಮ ಬೀದಿಯಿಂದ ಸ್ಟೇಷನ್ನಿನವರೆಗೆ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ತೋರಿಸಲಿ ಅವರು. ಫುಟ್‌ಪಾತಿನ ಮೇಲೆ ಬೈಕು, ಬೈಕಿನ ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರು, ಅದರ ಬುಡದಲ್ಲಿ ಅಗೆದು ಹಾಗೇ ಬಿಟ್ಟ ಗುಂಡಿ. ಕೆಂಗೇರಿಯಲ್ಲಿ ಇಳಿದ ಮೇಲೂ ಸೆಂಟರು ಇನ್ನೂ ಒಳಗಿದೆ. ಹೇಳುವವರಿಗೇನು, ಹೇಳಿ ಲಿಫ್ಟ್ ಹತ್ತಿ ಹೋಗುತ್ತಾರೆ.

ಕೊನೆಗೆ ಪಕ್ಕದ ಬೀದಿಯವನೊಬ್ಬ ಒಪ್ಪಿಕೊಂಡ. ಮೂವತ್ತರ ಸುಮಾರಿನವನು, ಒಬ್ಬಳು ಮಗಳಿದ್ದಾಳೆ. ಏಳು ಸೀಟಿನ ಹಳೆಯ ಗಾಡಿಯೊಂದನ್ನು ಯಾರಿಂದಲೋ ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ನನ್ನ ತಮ್ಮನನ್ನು ಅಯ್ಯೋ ಪಾಪ ಎನ್ನದೆ ಮಾತಾಡಿಸಿದ ಮೊದಲ ಮನುಷ್ಯ ಅವನೇ ಇರಬೇಕು.

"ಏನ್ ಗುರು, ಇವತ್ತು ಕೇರಂನಲ್ಲಿ ಯಾರಿಗೆ ಕಾದಿದೆ?" ಎಂದು ಕೇಳಿಕೊಂಡೇ ಬಾಗಿಲು ತೆಗೆಯುತ್ತಿದ್ದ. ತಮ್ಮ ಕಿಲಕಿಲ ನಗುತ್ತಿದ್ದ.

ಅವನನ್ನು ನಡುವಿನ ಸಾಲಿನಲ್ಲಿ ಕೂರಿಸಿ, ಎದೆಗೆ ಅಮ್ಮನ ಹಳೆಯ ಸೀರೆ ಸುತ್ತಿ, ಸೀಟಿನ ಬೆನ್ನಿಗೆ ಕಟ್ಟುತ್ತಿದ್ದೆವು. ಹಾಗೆ ಮಾಡಿ ಎಂದು ಸಲಹೆ ಕೊಟ್ಟದ್ದು ಚಿಕ್ಕಮ್ಮ. ಸಲಹೆಯ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ್ದಳು: "ಅಷ್ಟೊಂದು ಕಷ್ಟಪಟ್ಟು ಯಾಕೆ ಓಡಾಡಿಸ್ತೀರೇ? ಮನೇಲೇ ಇದ್ರೆ ಅವನಿಗೇನು ಕಮ್ಮಿಯಾಗತ್ತೆ?" ತಾನು ಮಾತ್ರ ವಾರಕ್ಕೊಮ್ಮೆ ದೇವಸ್ಥಾನ, ಮದುವೆ, ನಾಮಕರಣ ಎಂದು ಊರೆಲ್ಲ ತಿರುಗುತ್ತಾಳೆ. ಮನೆಯಲ್ಲೇ ಇದ್ದರೆ ಅವಳಿಗೇನು ಕಮ್ಮಿಯಾಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಸೀರೆಯ ಕಟ್ಟನ್ನು ನೋಡಿ ಸಿಟ್ಟಾದವರು ಸೆಂಟರಿನ ಫಿಸಿಯೋ ಮೇಡಂ.

"ಏನ್ರೀ ಇದು? ಮೂಟೆ ಕಟ್ಟಿದ ಹಾಗೆ ಕಟ್ಟಿದೀರಲ್ಲ ಹುಡುಗನ್ನ. ಬ್ರೇಕ್ ಹಾಕಿದ್ರೆ ಇದು ಎಲ್ಲಿಗೆ ಹೋಗತ್ತೆ ಗೊತ್ತಾ? ದೊಡ್ಡವರಿಗೆ ಅಂತಾನೇ ಎದೆಪಟ್ಟಿ ಇರೋ ಜಾಕೆಟ್ ಥರದ್ದು ಬರತ್ತೆ. ಹುಡುಕಿ. ನಾನೂ ವಿಚಾರಿಸ್ತೀನಿ."

ಹಾಗೆ ಶುರುವಾಯಿತು ನನ್ನ ತಿರುಗಾಟ. ಮಕ್ಕಳ ಅಂಗಡಿಯ ಕಥೆ ಹೇಳಿದೆನಲ್ಲ. ಆಮೇಲೆ ಬಸವೇಶ್ವರನಗರದಲ್ಲಿ ಗಾಲಿಕುರ್ಚಿ, ಊರುಗೋಲು ಮಾರುವ ಅಂಗಡಿಗೆ ಹೋದೆ. ಅಲ್ಲಿ ಒಂದು ಅಗಲವಾದ ಪಟ್ಟಿ ತೋರಿಸಿದರು, ಅಂಟಿಸುವ ಥರದ್ದು. "ಇದು ವೀಲ್‌ಚೇರಿಗೆ ಅಮ್ಮ. ಕಾರಿಗೆ ಅಂದ್ರೆ ನಾನು ಜವಾಬ್ದಾರಿ ತಗೊಳಲ್ಲ," ಎಂದರು ಯಜಮಾನರು. ಅಷ್ಟು ನೇರವಾಗಿ ಹೇಳಿದವರು ಅವರೊಬ್ಬರೇ. ಆಮೇಲೆ ಕಾರಿನ ಸಾಮಾನಿನ ದೊಡ್ಡ ಅಂಗಡಿ. ಅಲ್ಲಿಯವನು ಯೋಚಿಸಿ, ಒಳಗೆ ಹೋಗಿ, ಒಂದು ಪೊಟ್ಟಣ ತಂದು ಮುಂದಿಟ್ಟ. ಅದರ ಮೇಲೆ ನಾಯಿಯ ಚಿತ್ರವಿತ್ತು.

"ಇದು ದೊಡ್ಡ ಸೈಜಿದೆ ಅಕ್ಕ. ಲ್ಯಾಬ್ರಡಾರ್‌ದು. ಅಡ್ಜಸ್ಟ್ ಮಾಡ್ಕೋಬಹುದು."

"ನನ್ನ ತಮ್ಮನಿಗೆ ಕೇಳಿದ್ದು ನಾನು."

"ಅದೇ ಅಕ್ಕ, ಎದೆಗೆ ಬರತ್ತಲ್ಲ. ಕೆಲಸ ಒಂದೇ ತಾನೇ?"

ಅವನು ಅವಮಾನ ಮಾಡಬೇಕೆಂದು ಹೇಳಲಿಲ್ಲ. ನಿಜವಾಗಿಯೂ ಸಹಾಯ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಅದೇ ನನ್ನನ್ನು ಹೆಚ್ಚು ಕೆರಳಿಸಿದ್ದು. ಈ ಊರಿನಲ್ಲಿ ನಾಯಿ ಕಾರಿನಲ್ಲಿ ಕೂತು ಹೋಗುತ್ತದೆ ಎಂದು ಯಾರೋ ಯೋಚಿಸಿದ್ದಾರೆ, ಅದರ ಎದೆಯ ಸುತ್ತಳತೆ ತೆಗೆದಿದ್ದಾರೆ, ಚಿಕ್ಕದು ನಡುವಿನದು ದೊಡ್ಡದು ಎಂದು ಮೂರು ಅಳತೆಯಲ್ಲಿ ಹೊಲಿದು ಬಣ್ಣ ಬಣ್ಣದ ಪೊಟ್ಟಣದಲ್ಲಿ ಹಾಕಿದ್ದಾರೆ. ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅದೂ ಕ್ಷೇಮವಾಗಿ ಹೋಗಲಿ. ಆದರೆ ಇಪ್ಪತ್ತೆರಡು ವರ್ಷದ ಮನುಷ್ಯನ ಅಳತೆ ಯಾರ ತಲೆಗೂ ಹೊಳೆದಿಲ್ಲವಲ್ಲ. ನಾನು ಅಂಗಡಿಯಿಂದ ಹೊರಗೆ ಬಂದು, ಎಳನೀರಿನ ಗಾಡಿಯ ಹತ್ತಿರ ನಿಂತು, ಯಾರಿಗೂ ಕೇಳಿಸದ ಹಾಗೆ ಬೈದೆ. ಯಾರನ್ನು ಬೈದೆ ಎಂದು ನನಗೇ ಗೊತ್ತಿರಲಿಲ್ಲ.

ಡ್ರೈವರು ಫೋನಿನಲ್ಲಿ ಹುಡುಕಿ ತೋರಿಸಿದ. ಹೊರದೇಶದ ಚಿತ್ರಗಳು. ನನ್ನ ತಮ್ಮನಂಥ ಎತ್ತರದ ಹುಡುಗರು, ಮೀಸೆ ಬಂದವರು, ಗಟ್ಟಿ ಜಾಕೆಟ್ ತೊಟ್ಟು ಕಾರಿನಲ್ಲಿ ರಾಜರ ಹಾಗೆ ಕೂತಿದ್ದರು. ನಮ್ಮ ವಿಳಾಸ ಒತ್ತಿದರೆ, ಈ ಊರಿಗೆ ಕಳಿಸುವುದಿಲ್ಲ ಎಂದು ಬಂತು.

"ಬಿಡಿ ಅಕ್ಕ, ನೀವೇ ಹೊಲೀರಿ," ಎಂದ ಅವನು. "ನಿಮ್ಮ ಕೈ ಕೆಲಸದ ಮುಂದೆ ಇದೆಲ್ಲ ಯಾವ ಲೆಕ್ಕ?"

ಆ ಮಾತು ನನ್ನ ತಲೆಗೇರಿತು.

ಹೊಲಿದೆ. ಅಂಗಡಿಯಲ್ಲಿ ಉಳಿದಿದ್ದ ಒಳ್ಳೆಯ ರೆಕ್ಸಿನ್, ಒಳಗೆ ಫೋಮು, ಬೆನ್ನಿಗೆ ಎರಡು ಪದರ. ಶಾಲೆಯ ಬ್ಯಾಗುಗಳಿಗೆ ಹಾಕುವ ದಪ್ಪ ಪಟ್ಟಿ ತಂದು ಭುಜದ ಮೇಲಿಂದ ಇಳಿಸಿ, ಸೀಟಿನ ಬೆನ್ನನ್ನು ಬಳಸಿ ಕಟ್ಟುವ ಹಾಗೆ ಮಾಡಿದೆ. ಎದೆಯ ಮೇಲೆ ಬ್ಯಾಗಿನದೇ ಪ್ಲಾಸ್ಟಿಕ್ ಕ್ಲಿಪ್ಪು. ತಮ್ಮನಿಗೆ ನೀಲಿ ಇಷ್ಟವೆಂದು ಅಂಚಿಗೆ ನೀಲಿ ಪೈಪಿಂಗ್ ಕೊಟ್ಟೆ. ತೊಡಿಸಿದಾಗ ಅವನು ತನ್ನ ಎದೆಯನ್ನೇ ನೋಡಿಕೊಂಡು ನಕ್ಕ. ಅಮ್ಮ ಕಣ್ಣೊರೆಸಿಕೊಂಡಳು. ಬೀದಿಯ ನಾಲ್ಕು ಜನ ಬಂದು ಮುಟ್ಟಿ ನೋಡಿ ಹೋದರು.

ಮೇಡಂ ಮಾತ್ರ ಹೊಗಳಲಿಲ್ಲ. ಗಾಡಿಯ ಬಾಗಿಲು ತೆಗೆದು, ಬಗ್ಗಿ, ಪಟ್ಟಿ ಹಿಡಿದೆಳೆದು ನೋಡಿದರು.

"ಚೆನ್ನಾಗಿ ಹೊಲ್ದಿದೀರ. ನೆಟ್ಟಗೆ ಕೂರಿಸೋಕೆ ಸರಿ. ಆದ್ರೆ ಇದು ಬೆಲ್ಟ್ ಅಲ್ಲ. ಕಾರಿನ ಬೆಲ್ಟ್ ಎಲ್ಲಿ?"

ಡ್ರೈವರು ಬಾಗಿಲ ಪಕ್ಕದಿಂದ ಪಟ್ಟಿ ಎಳೆದು ತೋರಿಸಿದ. "ಪಟ್ಟಿ ಇದೆ ಮೇಡಂ, ಸಿಕ್ಕಿಸೋಕೆ ಕೆಳಗೆ ಬಕಲ್ಲೇ ಇಲ್ಲ. ಹಳೇ ಗಾಡಿ, ಮೊದಲಿನ ಓನರ್ ಕಿತ್ತು ಹಾಕಿರ್ಬೇಕು."

"ಹಾಗಾದ್ರೆ ಹಾಕಿಸಿ. ಸೊಂಟದ ಮೇಲೆ ಕಾರಿನ ಬೆಲ್ಟ್ ಇಲ್ದೆ ಹೋದ್ರೆ ಅವನ ಸೊಂಟ ಮುಂದೆ ಜಾರತ್ತೆ, ನಿಮ್ಮ ಜಾಕೆಟ್ ಕತ್ತಿಗೆ ಬರತ್ತೆ. ಅದಿಲ್ದೆ ಇದು ಬರೀ ಬಟ್ಟೆ. ಅರ್ಥ ಆಯ್ತಾ?"

"ಆಯ್ತು ಮೇಡಂ," ಎಂದೆ.

ಇಲ್ಲಿ ನಾನು ನನ್ನ ಕೆಲಸದ ಒಂದು ವಿಷಯ ಹೇಳಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಬೆನ್ನು ಮತ್ತು ಕೂರುವ ಜಾಗ ಸೇರುವ ಕಡೆ ಬೆಲ್ಟಿನ ಬಕಲ್ಲುಗಳಿರುತ್ತವೆ. ಕವರ್ ಹೊಲಿಯುವಾಗ ಅವು ಹೊರಗೆ ಬರಲು ಒಂದೊಂದಕ್ಕೂ ಸೀಳು ಬಿಡಬೇಕು, ಸೀಳಿನ ಸುತ್ತ ಅಂಚು ಮಡಚಿ ಹೊಲಿಯಬೇಕು. ಹೊತ್ತು ಹಿಡಿಯುವ ಕೆಲಸ. ನಮ್ಮ ಅಂಗಡಿಯಲ್ಲಿ ಆ ಕೆಲಸವನ್ನೇ ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ನಮ್ಮದೊಂದೇ ಅಂಗಡಿಯಲ್ಲ. ಹಿಂದಿನ ಸೀಟು ಸೋಫಾ ಥರ ಇರಬೇಕು, ಬಕಲ್ಲು ಚುಚ್ಚುತ್ತದೆ, ನೋಡೋಕೆ ಚೆನ್ನಾಗಿಲ್ಲ ಎಂದು ಗಿರಾಕಿಗಳೇ ಹೇಳುತ್ತಾರೆ. ಹೇಳದವರಿಗೂ ನಾವು ಹಾಗೇ ಮಾಡಿ ಕೊಡುತ್ತಿದ್ದೆವು. ಬಕಲ್ಲುಗಳನ್ನು ಕೆಳಗೆ ಒತ್ತಿ, ಮೇಲೆ ಕವರ್ ಎಳೆದು, ಬಿಗಿಯಾಗಿ ಕಟ್ಟಿಬಿಟ್ಟರೆ ಮುಗಿಯಿತು. ಅಲ್ಲಿ ಏನೋ ಇತ್ತು ಎಂಬ ಗುರುತೂ ಸಿಗುವುದಿಲ್ಲ.

ಆ ಗಾಡಿಯ ಕವರನ್ನು ಹೊಲಿದವಳು ನಾನು. ಅವನು ಗಾಡಿ ಕೊಂಡ ವಾರವೇ "ನಮ್ಮಂಗಡಿಗೆ ಬಾರೋ, ಹೊಸದು ಮಾಡಿ ಕೊಡ್ತೀವಿ" ಎಂದು ಕರೆದುಕೊಂಡು ಹೋಗಿದ್ದೆ. ಅವನು ಸೋಫಾ ಥರ ಬೇಕು ಎಂದೇನೂ ಕೇಳಿರಲಿಲ್ಲ. ಹಳೆಯ ಕವರೂ ಸೀಳಿಲ್ಲದ್ದೇ ಆಗಿತ್ತು, ಬಕಲ್ಲುಗಳನ್ನು ಅವನು ಕಂಡೇ ಇರಲಿಲ್ಲ. ಅಂಗಡಿಯ ವಾಡಿಕೆಯಂತೆ ಸೀಳು ಬಿಡದೆ ಹೊಲಿದೆ. ಹಾಗಾಗಿ, ಮೊದಲಿನ ಓನರ್ ಕಿತ್ತು ಹಾಕಿರಬೇಕು ಎಂದು ಅವನು ಮೇಡಂಗೆ ಹೇಳುವಾಗ, ಬಕಲ್ಲುಗಳು ನನ್ನ ಕೈಯಿಂದ ಒಂದು ಗೇಣು ದೂರದಲ್ಲಿ, ಫೋಮಿನ ಸಂದಿಯಲ್ಲಿ, ಹಾಗೇ ಇವೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಹೇಳಲಿಲ್ಲ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೇಡಂ ಎದುರಿಗೆ ನಾಚಿಕೆಯಾಯಿತು. ಓದಿದವರು, ನನ್ನ ಹೊಲಿಗೆಯನ್ನು ಆಗತಾನೇ ಬರೀ ಬಟ್ಟೆ ಎಂದಿದ್ದರು. ಇನ್ನೊಂದು ತಪ್ಪನ್ನೂ ಅವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಕವರ್ ಕೊಯ್ದರೆ ಡ್ರೈವರು ಏನೆಂದುಕೊಂಡಾನು ಎಂಬುದೂ ಇತ್ತು. ಇವೆರಡೂ ನಿಜ, ಆದರೆ ಪೂರ್ತಿ ನಿಜವಲ್ಲ. ನಾನು ಹೊಲಿದ ಜಾಕೆಟ್ಟು ಆ ಕಾರಿನ ಬೆಲ್ಟಿಗಿಂತ ಮೇಲು ಎಂದು ಒಳಗೊಳಗೇ ನಂಬಿದ್ದೆ. ಮೇಡಂಗೆ ಹೊಲಿಗೆ ಏನು ಗೊತ್ತು ಎಂದುಕೊಂಡಿದ್ದೆ. ಮುಂದಿನ ವಾರ ನೋಡೋಣ ಎಂದು ನಾಲ್ಕು ಸಲ ಕೆಂಗೇರಿಗೆ ಹೋಗಿ ಬಂದೆವು.

ಐದನೆಯ ಸಲ, ಮೈಸೂರು ರಸ್ತೆಯಲ್ಲಿ, ಬಸ್ ಸ್ಟಾಪಿನ ಹತ್ತಿರ ಒಂದು ಆಟೋ ಎಡಗಡೆಯಿಂದ ನುಗ್ಗಿ ನಮ್ಮ ಮುಂದೆ ನಿಂತಿತು. ಡ್ರೈವರು ಬ್ರೇಕ್ ಒತ್ತಿದ. ಗಾಡಿ ಎಲ್ಲಿಗೂ ತಾಗಲಿಲ್ಲ. ಒಂದು ಗೀರು ಕೂಡ ಬೀಳಲಿಲ್ಲ. ನನ್ನ ಭುಜ ಮುಂದಿನ ಸೀಟಿಗೆ ಬಡಿಯಿತು. ತಿರುಗಿ ನೋಡಿದರೆ ತಮ್ಮ ಸೀಟಿನ ಮೇಲೆ ಇರಲಿಲ್ಲ. ಸೊಂಟ, ಕಾಲು ಎಲ್ಲ ಕೆಳಗೆ ಜಾರಿ, ಜಾಕೆಟ್ಟು ಎದೆ ಬಿಟ್ಟು ಮೇಲೇರಿ, ಎದೆಯ ಪಟ್ಟಿ ಗಂಟಲಿಗೆ ಸಿಕ್ಕಿಕೊಂಡು, ಅವನು ಅದರಲ್ಲಿ ನೇತಾಡುತ್ತಿದ್ದ. ಗಲ್ಲ ಒಡೆದು ರಕ್ತ ಬರುತ್ತಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು.

ಕ್ಲಿಪ್ಪು ಒತ್ತಿದೆ. ಅವನ ಭಾರವೆಲ್ಲ ಅದರ ಮೇಲಿತ್ತು, ಅದು ಬಿಡಲಿಲ್ಲ. ಎರಡೂ ಕೈಯಲ್ಲಿ ಒತ್ತಿದೆ. ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ನನ್ನ ಹೊಲಿಗೆ ಒಂದೇ ಒಂದು ಎಳೆ ಬಿಟ್ಟುಕೊಡಲಿಲ್ಲ.

"ಬಿಡಿ ಅಕ್ಕ, ಕೈ ತೆಗೀರಿ!"

ಡ್ರೈವರು ಇಳಿದು ಓಡಿ ಬಂದು ಬಾಗಿಲು ತೆಗೆದಿದ್ದ. ತಮ್ಮನ ಕಂಕುಳಿಗೆ ಎರಡೂ ತೋಳು ಹಾಕಿ ಒಂದೇ ಉಸಿರಿಗೆ ಮೇಲೆತ್ತಿದ. ಭಾರ ಹೋದ ಕೂಡಲೇ ಕ್ಲಿಪ್ಪು ಬಿಟ್ಟುಕೊಂಡಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. "ಉಸಿರು ಎಳ್ಕೋ ಗುರು, ಉಸಿರು ಎಳ್ಕೋ," ಎಂದು ಅವನು ತಮ್ಮನ ಬೆನ್ನು ತಟ್ಟುತ್ತಿದ್ದ. ನಾನು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಗಲ್ಲಕ್ಕೆ ಹೊಲಿಗೆ ಹಾಕಿದರು. ಕತ್ತಿನ ಸುತ್ತ ಪಟ್ಟಿಯ ಅಗಲಕ್ಕೆ ಕೆಂಪಗೆ ಬರೆ ಎದ್ದಿತ್ತು. ಡಾಕ್ಟರು ಅದನ್ನು ನೋಡಿ, "ಬೆಲ್ಟ್ ಹಾಕಿರ್ಲಿಲ್ವಾ?" ಎಂದು ಕೇಳಿದರು.

"ಆ ಗಾಡೀಲಿ ಹಿಂದೆ ಬೆಲ್ಟ್ ಇಲ್ಲ ಸಾರ್," ಎಂದೆ.

ಅದನ್ನೇ ಅಮ್ಮನಿಗೂ ಹೇಳಿದೆ. ಅಮ್ಮ ಮಂಡಿ ನೋವನ್ನೂ ಲೆಕ್ಕಿಸದೆ ಪಕ್ಕದ ಬೀದಿಗೆ ನಡೆದಳು. ಅವನ ಮನೆಯ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರೆಲ್ಲ ಹೊರಗೆ ಬರುವ ಹಾಗೆ ಕೂಗಿದಳು.

"ಬೆಲ್ಟ್ ಇಲ್ದಿರೋ ಗಾಡಿ ಇಟ್ಕೊಂಡು ಜನ ಕೂರಿಸ್ಕೊಳ್ತೀಯಲ್ಲೋ! ನನ್ನ ಮಗ ಮಾತಾಡಲ್ಲ ಅಂತಾನಾ? ಕೇಳೋರು ಯಾರಿಲ್ಲ ಅಂತಾನಾ?"

ನಾನು ಅಮ್ಮನ ಹಿಂದೆಯೇ ನಿಂತಿದ್ದೆ. ಅವನ ಹೆಂಡತಿ ಏನೋ ಹೇಳಲು ಬಂದಳು, ಅವನು ತಡೆದ.

"ತಪ್ಪಾಯ್ತು ಆಂಟಿ. ಮೇಡಂ ಅವತ್ತೇ ಹೇಳಿದ್ರು, ಬಕಲ್ ಹಾಕಿಸಿ ಅಂತ. ಇವತ್ತು ನಾಳೆ ಅಂತ ನಾನೇ ಮುಂದಕ್ಕೆ ಹಾಕ್ದೆ. ನಂದೇ ತಪ್ಪು."

ಅವನಿಗೆ ಕೋಪ ಬಂದಿದ್ದರೆ, ತಿರುಗಿ ಬೈದಿದ್ದರೆ, ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವನ ಕಣ್ಣಲ್ಲಿ ನೀರಿತ್ತು. ನನ್ನ ತಮ್ಮನ ಪ್ರಾಣ ಉಳಿಸಿದವನು, ನಾನು ಮಾಡಿದ ತಪ್ಪಿಗೆ, ಬೀದಿಯ ಜನದ ಮುಂದೆ ಕೈಮುಗಿದು ನಿಂತಿದ್ದ. ನಾನು ಅಮ್ಮನ ತೋಳು ಹಿಡಿದು, "ಬಾ ಅಮ್ಮ, ಹೋಗಲಿ" ಎಂದು ಮನೆಗೆ ಕರೆತಂದೆ. ಹೋಗಲಿ ಎಂದೆ, ದೊಡ್ಡ ಮನಸ್ಸಿನವಳ ಹಾಗೆ.

ಮಂಗಳವಾರ ಬಂತು, ಶುಕ್ರವಾರ ಬಂತು. ತಮ್ಮ ಬೆಳಗ್ಗೆ ಕಣ್ಣು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದ. ಬೀದಿಯಲ್ಲಿ ಗಾಡಿಯ ಸದ್ದಾದರೆ ಮೈ ಬಿಗಿಯುತ್ತಿತ್ತು. ಹೋಗುವ ಆಸೆಯೂ ಇತ್ತು, ಹೆದರಿಕೆಯೂ ಇತ್ತು, ಎರಡನ್ನೂ ಹೇಳಲು ಮಾತಿರಲಿಲ್ಲ. ಗಂಟಲು ಕೂಡ ಸರಿಯಾಗಿ ಬಿಟ್ಟಿರಲಿಲ್ಲ. ಚಿಕ್ಕಮ್ಮ ನೋಡಲು ಬಂದವಳು, "ನಾನು ಅವತ್ತೇ ಹೇಳ್ಲಿಲ್ವಾ? ಇನ್ಮೇಲಾದ್ರೂ ಮನೇಲಿ ಇಟ್ಕೊಳ್ರೇ," ಎಂದಳು. ಅಮ್ಮ ಮೊದಲ ಬಾರಿಗೆ ಅದಕ್ಕೆ ಹೌದೆಂದು ತಲೆಯಾಡಿಸಿದಳು. ಇವನು ಇನ್ನು ಜೀವನಪೂರ್ತಿ ಎದುರು ಮನೆಯ ಆ ಪೈಪು ನೋಡಿಕೊಂಡು ಕೂರುತ್ತಾನೆ, ಕೂರಿಸಿದವಳು ನಾನು.

ಭಾನುವಾರ ಬೆಳಗ್ಗೆ ಅಂಗಡಿಯ ಬ್ಲೇಡು ತೆಗೆದುಕೊಂಡು ಪಕ್ಕದ ಬೀದಿಗೆ ಹೋದೆ. ಅವನು ಗಾಡಿ ತೊಳೆಯುತ್ತಿದ್ದ.

"ಬಾಗಿಲು ತೆಗಿಯೋ."

"ಯಾಕಕ್ಕ?"

"ತೆಗಿ."

ನಡುವಿನ ಸೀಟಿನ ಮೇಲೆ ಮಂಡಿಯೂರಿ, ಎಲ್ಲಿ ಕೊಯ್ಯಬೇಕೆಂದು ನೋಡಬೇಕಾಗಿಯೂ ಇರಲಿಲ್ಲ, ಕವರನ್ನು ಅಡ್ಡಕ್ಕೆ ಸೀಳಿದೆ. ಕೈ ತೂರಿಸಿ ಒಂದು ಬಕಲ್ಲು ಎಳೆದೆ. ಆಮೇಲೆ ಇನ್ನೊಂದು, ಮತ್ತೊಂದು. ಮೂರನ್ನೂ ಸೀಟಿನ ಮೇಲೆ ಸಾಲಾಗಿ ಇಟ್ಟೆ. ಅವನು ನೀರಿನ ಪೈಪು ಹಿಡಿದುಕೊಂಡೇ ನಿಂತಿದ್ದ, ನೀರು ಅವನ ಕಾಲ ಮೇಲೆ ಹರಿಯುತ್ತಿತ್ತು.

"ನಾನೇ ಮುಚ್ಚಿದ್ದು," ಎಂದೆ. "ನಂಗೆ ಗೊತ್ತಿತ್ತು. ಮೇಡಂ ಕೇಳ್ದಾಗ್ಲೂ ಗೊತ್ತಿತ್ತು. ಅಮ್ಮ ನಿನ್ನ ಬೈದಾಗ್ಲೂ ಗೊತ್ತಿತ್ತು."

ಅವನು ಹೋಗಿ ನಲ್ಲಿ ನಿಲ್ಲಿಸಿ ಬಂದ. "ಎಷ್ಟು ಜನಕ್ಕೆ ಬೆಲ್ಟ್ ಇಲ್ಲ ಅಂತ ಹೇಳಿದೀನಿ ಗೊತ್ತಾ ಅಕ್ಕ? ಹಾಕ್ತೀವಿ ಅಂದೋರಿಗೂ. ನನ್ನ ಮಗಳು ಇಲ್ಲೇ ಕೂತು ಸ್ಕೂಲಿಗೆ ಹೋಗ್ತಾಳೆ. ದಿನಾ. ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಒಂದೇ ಒಂದು ಮಾತು?"

"ಏನೂ ಆಗಿರ್ಲಿಲ್ಲ."

"ಹೋಗಿ ಅಕ್ಕ. ಈಗ ಹೋಗಿ. ನಾನು ಏನಾದ್ರೂ ಅಂದ್ಬಿಡ್ತೀನಿ."

ಅಮ್ಮನಿಗೆ ಅದೇ ದಿನ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನಾನು ಅವನ ಕಾಲು ಹಿಡ್ಕೊಳ್ಳೋ ಹಾಗೆ ಮಾಡಿದ್ಯಲ್ಲೇ," ಎಂದಳು. ಸೀರೆ ಬದಲಾಯಿಸಿ, ಅವನ ಮನೆಗೆ ಮತ್ತೆ ನಡೆದಳು. ಈ ಸಲ ನನ್ನನ್ನು ಬರಬೇಡ ಎಂದಳು. ಅಲ್ಲಿ ಏನು ಮಾತಾಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ಅಂಗಡಿಯಲ್ಲಿ, ಇನ್ನು ಮುಂದೆ ಸೀಳು ಬಿಡದೆ ನಾನು ಹೊಲಿಯುವುದಿಲ್ಲ ಎಂದೆ. ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಹಿಂದಿನ ಸೀಟಲ್ಲಿ ಯಾರಮ್ಮ ಬೆಲ್ಟ್ ಹಾಕ್ತಾರೆ ಈ ಊರಲ್ಲಿ?"

"ಹಾಕೋಕೆ ನಾವು ಬಿಟ್ರೆ ತಾನೇ ಸಾರ್?"

"ಗಿರಾಕಿ ಕೇಳೋದು ಫಿನಿಶಿಂಗು. ನೀನು ಪೊಲೀಸಾ?"

ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಎಂದು ಕಾನೂನಿದೆ. ಆ ಕಾನೂನನ್ನು ರೆಕ್ಸಿನ್ ಕೆಳಗೆ ಒತ್ತಿ ಹೊಲಿದವಳು ನಾನು. ಎಷ್ಟು ಗಾಡಿ ಎಂದು ಲೆಕ್ಕವಿಟ್ಟಿಲ್ಲ. ಈಗ ಸಿಗ್ನಲಿನಲ್ಲಿ ನಿಂತ ಪ್ರತಿ ಗಾಡಿಯ ಹಿಂದಿನ ಸೀಟನ್ನೂ ಬಗ್ಗಿ ನೋಡುವ ಚಟ ಹತ್ತಿದೆ. ಮಕ್ಕಳು ನಿಂತಿರುತ್ತಾರೆ, ಅಜ್ಜಂದಿರು ಒರಗಿರುತ್ತಾರೆ, ಕೆಳಗೆ ನುಣ್ಣನೆಯ ಸೋಫಾ. ಯಜಮಾನರ ಮೇಲೆ ಸಿಟ್ಟು ಬರುತ್ತದೆ, ಗಿರಾಕಿಗಳ ಮೇಲೆ ಬರುತ್ತದೆ. ಆದರೆ ಯಾರೂ ನನ್ನ ಕೈ ಹಿಡಿದು ಹೊಲಿಸಿರಲಿಲ್ಲ. ಯಜಮಾನರು ನನ್ನನ್ನು ಬಿಡಿಸಲಿಲ್ಲ, ನನ್ನಂಥ ಕೈ ಅವರಿಗೆ ಬೇಗ ಸಿಗುವುದಿಲ್ಲ. ಹಿಂದಿನ ಸೀಟುಗಳನ್ನು ಪಕ್ಕದ ಮಷಿನ್ನಿನವಳಿಗೆ ಕೊಡತೊಡಗಿದರು. ಅವಳಿಗೂ ಸೀಳು ಹೊಲಿಯುವುದನ್ನು ತೋರಿಸಿಕೊಟ್ಟಿದ್ದೇನೆ. ಯಜಮಾನರು ನೋಡದಿದ್ದಾಗ ಸೀಳು ಬಿಡುತ್ತಾಳೆ, ನೋಡಿದಾಗ ಇಲ್ಲ.

ನಿಜವಾದ ಜಾಕೆಟ್ಟನ್ನು ಕೊನೆಗೆ ಹುಡುಕಿ ಕೊಟ್ಟವರು ಮೇಡಂ. ಮಹಾಲಕ್ಷ್ಮಿ ಲೇಔಟಿನ ಒಬ್ಬ ತಾಯಿ ತನ್ನ ಮಗನಿಗೆಂದು ಹೊರದೇಶದಿಂದ ತರಿಸಿದ್ದರು, ಅವನು ಅದಕ್ಕೆ ತುಂಬ ದಪ್ಪವಾಗಿದ್ದ. ಮೇಡಂ ಆ ತಾಯಿಯನ್ನು ಕೂರಿಸಿಕೊಂಡು, ಇದು ಯಾವತ್ತಾದರೂ ಅಪಘಾತದ ಎಳೆತಕ್ಕೆ ಸಿಕ್ಕಿದೆಯಾ ಎಂದು ಮೂರು ಸಲ ಕೇಳಿದರಂತೆ. ಹಾಗೆ ಸಿಕ್ಕಿದ್ದರೆ ಹೊರಗೆ ಚೆನ್ನಾಗಿ ಕಂಡರೂ ಬಳಸಬಾರದಂತೆ. ಆಮೇಲೆ ನಮ್ಮ ಮನೆಗೇ ಬಂದರು. ಮೊದಲು ಕಾರಿನ ಬೆಲ್ಟು, ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ, ಬಿಗಿಯಾಗಿ. ಜಾಕೆಟ್ಟು ಅದರ ಜೊತೆಗೆ, ಅದರ ಬದಲಿಗಲ್ಲ. ಅವರು ಹೇಳುವಾಗ ನಾನು ಪಕ್ಕದಲ್ಲೇ ನಿಂತು, ಶಾಲೆಯಲ್ಲಿ ಎಂದೂ ಕೇಳದಷ್ಟು ಗಮನದಿಂದ ಕೇಳಿದೆ. ನಾನು ಹೊಲಿದದ್ದನ್ನು ಅವರ ಎದುರಿಗೇ ಕತ್ತರಿಸಿ ಹಾಕಿದೆ.

ಡ್ರೈವರು ಮತ್ತೆ ಬಂದ. ಅಮ್ಮ ಕರೆದಳೋ, ತಾನೇ ಬಂದನೋ ತಿಳಿಯದು. ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದ. ಒಂದು ವಾರ, ಬಾಡಿಗೆಗೆ ಹೋಗುವ ಮುನ್ನ, ಗಾಡಿಯನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಬಾಗಿಲು ತೆರೆದಿಟ್ಟು, ತಮ್ಮನನ್ನು ಗಾಲಿಕುರ್ಚಿಯಲ್ಲಿ ಅದರ ಪಕ್ಕ ಕೂರಿಸಿಕೊಂಡು ಹರಟೆ ಹೊಡೆದ. ನಾಲ್ಕನೆಯ ದಿನ ತಮ್ಮ ಒಳಗೆ ಕೂತ. ಆರನೆಯ ದಿನ ನಕ್ಕ.

ಶುಕ್ರವಾರ ಹೊರಡುವುದೆಂದಾಯಿತು. ಅವನನ್ನು ಸೀಟಿಗೆ ಎತ್ತಿ ಕೂರಿಸಿದೆವು. ನಾನು ಬೆಲ್ಟು ಎಳೆದುಕೊಂಡು ಬಗ್ಗಿದೆ, ಬಕಲ್ಲು ಕೈಗೆ ತೆಗೆದುಕೊಂಡೆ. ತಮ್ಮನ ಮೈ ಹಲಗೆಯಾಯಿತು. ಮೊಣಕೈ ನನ್ನ ಎದೆಗೆ ಬಂದು ಬಡಿಯಿತು. ಅದು ತಾನಾಗಿ ಬಂದ ಬಡಿತವಲ್ಲ, ಅವನದೇ ಬಡಿತ.

"ಅಕ್ಕ ಬೇಡ," ಎಂದ.

ನಾನು ಮತ್ತೊಮ್ಮೆ ಮೆಲ್ಲಗೆ ಪ್ರಯತ್ನಿಸಿದೆ. "ಅಕ್ಕ ಬೇಡ," ಎಂದು ಇನ್ನೂ ಜೋರಾಗಿ ಹೇಳಿ, ಡ್ರೈವರನ ಕಡೆ ಮುಖ ತಿರುಗಿಸಿದ.

"ಬಿಡಿ ಅಕ್ಕ, ನಾನು ಹಾಕ್ತೀನಿ," ಎಂದ ಅವನು. ದನಿಯಲ್ಲಿ ಗೆಲುವೇನೂ ಇರಲಿಲ್ಲ. ನಾನು ಪಕ್ಕಕ್ಕೆ ಸರಿದೆ. ಅವನು ಸೊಂಟದ ಮೇಲೆ ಬೆಲ್ಟು ಇಳಿಸಿ, ಬಕಲ್ಲಿಗೆ ಸಿಕ್ಕಿಸಿ, ಎಳೆದು ನೋಡಿ, ಆಮೇಲೆ ಜಾಕೆಟ್ಟಿನ ಪಟ್ಟಿಗಳನ್ನು ಮೇಡಂ ಹೇಳಿದ ಹಾಗೇ ಬಿಗಿದ. ತಮ್ಮ ಅಲ್ಲಾಡದೆ ಕೂತಿದ್ದ. ಅಮ್ಮ ಮಂಡಿ ಹಿಡಿದುಕೊಂಡು ಹತ್ತಿ ಅವನ ಪಕ್ಕದಲ್ಲಿ ಕೂತು, ತನ್ನ ಬೆಲ್ಟನ್ನೂ ಹಾಕಿಸಿಕೊಂಡಳು. ಗಾಡಿ ಹೊರಟಿತು.

ಈಗ ವಾರಕ್ಕೆರಡು ಸಲ ಅಮ್ಮನೇ ಹೋಗುತ್ತಾಳೆ. ನಾನು ಗಾಡಿಯ ಬಾಗಿಲವರೆಗೆ ಕುರ್ಚಿ ತಳ್ಳುತ್ತೇನೆ, ಅಲ್ಲಿಂದ ಮುಂದಕ್ಕೆ ಅವನು ಬಿಡುವುದಿಲ್ಲ. ಮನೆಯಲ್ಲಿ ನನ್ನ ಕೈಯಿಂದಲೇ ಊಟ ಮಾಡುತ್ತಾನೆ, ನನ್ನ ಹತ್ತಿರವೇ ತಲೆ ಬಾಚಿಸಿಕೊಳ್ಳುತ್ತಾನೆ. ಕಾರಿನ ಹತ್ತಿರ ಮಾತ್ರ ಅಕ್ಕ ಬೇಡ. "ಮರೀತಾನೆ ಬಿಡೇ," ಎನ್ನುತ್ತಾಳೆ ಅಮ್ಮ. ಮರೆಯಬೇಕೆಂದು ನಾನು ಅವನನ್ನು ಕೇಳಿಲ್ಲ. ಅವನು ಕೆಂಗೇರಿಗೆ ಹೋಗುತ್ತಿದ್ದಾನೆ.